ನಮ್ಮ ಭಾವ ಎದ್ದು ನಿಂತದ್ದಲ್ಲ, ಸಿಕ್ಕಿಹಾಕಿಕೊಂಡದ್ದು

ಮಾನ್ಯ ಸಭಾಧ್ಯಕ್ಷರೇ,

ಯುದ್ಧದ ಗೊತ್ತುವಳಿಯನ್ನು ಬೆಂಬಲಿಸಿ ನಮ್ಮ ಭಾವ ಎದ್ದು ನಿಲ್ಲಲಿಲ್ಲ. ಅವರ ಮೊಣಕಾಲು ಸಿಕ್ಕಿಹಾಕಿಕೊಂಡಿತ್ತು. ಇಷ್ಟನ್ನು ಹೇಳಲು ತಮ್ಮ ಕಚೇರಿಯ ಬಾಗಿಲು ಕಾದೆ. 'ಸಾಹೇಬರು ದೇಶದ ಕೆಲಸದಲ್ಲಿದ್ದಾರೆ' ಎಂಬ ಉತ್ತರ ಬಂತು. ಹಾಗಾಗಿ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಕೃತಕ ಕಾಲು ಮಾಡುವವನು. ಭಾವ, ಅಂದರೆ ನಮ್ಮಕ್ಕನ ಗಂಡ, ಹಿಂದಿನ ಯುದ್ಧದಲ್ಲಿ ಎಡಗಾಲು ಕಳೆದುಕೊಂಡವರು. ಅವರ ಈಗಿನ ಕಾಲು ನನ್ನ ಕೈಕೆಲಸ. ಅದರ ಮೊಣಕಾಲಿನಲ್ಲೊಂದು ಕೊಂಡಿಯಿದೆ: ನಿಂತಾಗ ಬಿಗಿಯುತ್ತದೆ, ಎಳೆದರೆ ಸಡಿಲಾಗಿ ಕೂರಲು ಬಿಡುತ್ತದೆ. ಸ್ಪ್ರಿಂಗು ಸವೆದಿದೆ, ಬದಲಾಯಿಸೋಣ ಬನ್ನಿ ಎಂದರೆ, 'ಹಳೇ ಕಾಲೇ ಮಾತು ಕೇಳತ್ತೆ ಬಿಡೋ' ಎನ್ನುತ್ತಿದ್ದರು.

ಚರ್ಚೆಯ ದಿನ ನನ್ನನ್ನೂ ಎಳೆದುಕೊಂಡು ಪ್ರೇಕ್ಷಕರ ಗ್ಯಾಲರಿಗೆ ಬಂದರು. ಅವರ ಒಬ್ಬನೇ ಮಗ ಸೈನ್ಯದಲ್ಲಿದ್ದಾನೆ. 'ಇವರು ಏನ್ ಮಾತಾಡ್ತಾರೋ ಕೇಳ್ಬೇಕು ಕಣೋ. ಹೋಗೋನು ನನ್ನ ಮಗ ತಾನೇ?' ಬಾಗಿಲಲ್ಲಿ ತಪಾಸಣೆಗೆಂದು ಕಾಲು ಬಿಚ್ಚಿಸಿದರು. ಕಾಲಿಲ್ಲದ ಮಾಜಿ ಸೈನಿಕ ಬಂದಿದ್ದಾನೆಂದು ಕಟ್ಟಡಕ್ಕೆಲ್ಲ ಸುದ್ದಿಯಾಯಿತು.

ಮಧ್ಯಾಹ್ನದವರೆಗೆ ಇದನ್ನು ಯುದ್ಧ ಎನ್ನಬೇಕೋ 'ಸೀಮಿತ ಬಲಪ್ರಯೋಗ' ಎನ್ನಬೇಕೋ ಎಂಬ ವಾದ. ಸೀಮಿತವೆಂದರೆ ಸಾಯುವವರು ಅರ್ಧಂಬರ್ಧ ಸಾಯುತ್ತಾರೆಯೇ? ಒಬ್ಬ ಸದಸ್ಯರು ಶತ್ರುದೇಶವನ್ನು ಹುಳುಕು ಹಲ್ಲಿಗೆ ಹೋಲಿಸಿ, ಕಿತ್ತೇ ತೀರಬೇಕೆಂದರು. ಇನ್ನೊಬ್ಬರು ವೃತ್ತಿಯಲ್ಲಿ ಹಲ್ಲಿನ ವೈದ್ಯರಂತೆ. ಹುಳುಕು ಹಲ್ಲನ್ನೆಲ್ಲ ಕೀಳಬೇಕಿಲ್ಲವೆಂದು ಆಕ್ಷೇಪವೆತ್ತಿದರು. ಆಮೇಲೆ ಊಟದ ಗಂಟೆಯವರೆಗೂ ಸದನ ದವಡೆಯ ಬಗ್ಗೆ ಚರ್ಚಿಸಿತು. ನಮ್ಮ ಹುಡುಗನ ಸುದ್ದಿ ಬರಲೇ ಇಲ್ಲ.

ಊಟದ ಬಳಿಕ ತಾವು ಒಳಬಂದಿರಿ. ಎಲ್ಲರೂ ಎದ್ದರು, ಎಲ್ಲರೂ ಕೂತರು. ಭಾವನಿಗೆ ಮಾತ್ರ ಕೂರಲಾಗಲಿಲ್ಲ. ನಾನು ಬಗ್ಗಿ ಕೊಂಡಿ ಎಳೆಯತೊಡಗಿದೆ. 'ಮೆಲ್ಲಗೆ ಕಣೋ, ಕಾಲೇ ಕೈಗೆ ಬಂದ್ಬಿಟ್ಟೀತು' ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ತಾವು, 'ಗೊತ್ತುವಳಿಯ ಪರ ಇರುವವರು ಎದ್ದು ನಿಲ್ಲಿ' ಎಂದಿರಿ. ಅರ್ಧದಷ್ಟು ಜನವೂ ಏಳಲಿಲ್ಲ. ತಮ್ಮ ಕಣ್ಣು ಗ್ಯಾಲರಿಯತ್ತ ಹೊರಳಿತು.

'ನೋಡಿ! ದೇಶಕ್ಕೆ ಕಾಲು ಕೊಟ್ಟವರು ನಿಂತಿದ್ದಾರೆ. ಎರಡೂ ಕಾಲಿರುವ ನೀವು ಕೂತಿದ್ದೀರಿ!'

ಭಾವ ಗಾಬರಿಯಿಂದ ಕೂಗಿದರು: 'ಸ್ವಾಮೀ, ನಂಗೆ ಕೂರಕ್ಕೆ ಆಗ್ತಿಲ್ಲ!'

'ಕೇಳಿದಿರಾ? ಅವರಿಗೆ ಸುಮ್ಮನೆ ಕೂರಲಾಗುತ್ತಿಲ್ಲವಂತೆ!' ಎಂದಿರಿ ತಾವು.

ಕೋಣ ಈಯಿತೆಂದು ತಾವು ಹೇಳಿದಿರಿ, ಸದನ ಕರು ಕಟ್ಟಲು ಓಡಿತು. ನಾಚಿಕೆಯಿಂದ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ಹಲ್ಲಿನ ವೈದ್ಯರೂ ಸಹ. ಮರುದಿನದ ಪತ್ರಿಕೆಗಳಲ್ಲಿ ಭಾವನ ಚಿತ್ರ. ಕೊಂಡಿ ಎಳೆಯುತ್ತಿರುವ ನನ್ನ ಬೆನ್ನೂ ಅದರಲ್ಲಿದೆ. 'ಯೋಧನ ಪಾದಕ್ಕೆರಗಿದ ನಾಗರಿಕ' ಎಂದು ಬರೆದಿದ್ದಾರೆ.

ನಗುವ ಮಾತೇ, ನಾವೂ ನಕ್ಕೆವು. ಸಂಜೆ ಶಿಬಿರದಿಂದ ಮಗನ ಫೋನು ಬರುವವರೆಗೆ. 'ಅಪ್ಪಾ, ಟೀವೀಲಿ ನೋಡ್ದೆ. ನೀವೇ ಎದ್ದು ನಿಂತ್ರಲ್ಲ, ಇನ್ನು ನಂಗೇನ್ ಭಯ?' ಭಾವನ ಕೈಯಿಂದ ಅಕ್ಕ ಫೋನು ಕಿತ್ತುಕೊಂಡು, 'ಲೋ, ನಿಮ್ಮಪ್ಪ ನಿಂತಿರ್ಲಿಲ್ಲ ಕಣೋ, ಸಿಕ್ಕಾಕ್ಕೊಂಡಿದ್ರು!' ಎಂದು ಕಿರುಚಿದಳು. ಲೈನು ಆಗಲೇ ಕಡಿದಿತ್ತು. ಅಂದಿನಿಂದ ಶಿಬಿರದ ಫೋನುಗಳೆಲ್ಲ ಬಂದ್. ಅಪ್ಪ ಆಡದ ಮಾತನ್ನು ನಂಬಿ ಹುಡುಗ ಗಡಿಗೆ ಹೊರಡಲು ಸಿದ್ಧನಾಗುತ್ತಿದ್ದಾನೆ.

ಆದ್ದರಿಂದ ಸೇನೆ ಹೊರಡುವ ಮೊದಲೇ ಸದನವನ್ನು ಮತ್ತೆ ಕರೆಯಿರಿ. ಮತವನ್ನು ಮತ್ತೆ ಕೇಳಿ. ಯಾರನ್ನೂ ನೋಡಿ ಯಾರೂ ಏಳದಿರಲಿ. ಭಾವ ಬಂದು, ಬೇಡ ಎಂಬ ಒಂದೇ ಮಾತು ಹೇಳುತ್ತಾರೆ. ಅದನ್ನು ಶಿಬಿರಕ್ಕೆ ಕೇಳುವಂತೆ ಬಿತ್ತರಿಸಿ.

ಸೈನ್ಯದ ಆಸ್ಪತ್ರೆಯವರು ನಿನ್ನೆ ನನ್ನ ಕಾರ್ಯಾಗಾರಕ್ಕೆ ಬಂದು, ತಿಂಗಳಿಗೆ ಎಷ್ಟು ಕಾಲು ಮಾಡಬಲ್ಲೆ ಎಂದು ವಿಚಾರಿಸಿ ಹೋದರು. ಅಕ್ಕನಿಗೆ ಇನ್ನೂ ಹೇಳಿಲ್ಲ.

ಇಂತಿ,
ತಮ್ಮ ಆಳ್ವಿಕೆಯಲ್ಲಿ ಕೆಲಸವಿಲ್ಲದೆ ಕೂರಲು ಹಾತೊರೆಯುತ್ತಿರುವ,
ಕಾಲು ಮಾಡುವವನು