ಸಮುದಾಯ ಭವನದ ಕ್ಯೂಬುಗಳ ವಿಷಯವಾಗಿ

ಮುದ್ದೇಪುರ, ತಂಪುಕಾಲದ ನಲವತ್ತೊಂದನೆಯ ದಿನ, ಸಿಮೆಂಟು ನಿಂತ ಐವತ್ತೆರಡನೆಯ ವರ್ಷ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ೨೧೩೧.

ಮುದ್ದೇಪುರ ತಾಲೂಕು ಕಟ್ಟಡ ಗುತ್ತಿಗೆದಾರರ ಸಂಘದ ಅಧ್ಯಕ್ಷರಿಗೂ ಸರ್ವ ಸದಸ್ಯರಿಗೂ, ಅದೇ ಸಂಘದ ಈಗಿನ ಕಾರ್ಯದರ್ಶಿ ಸಾವಂತ್ರೆವ್ವ ಬಂಡಿವಡ್ಡರ ಮಾಡುವ ನಮಸ್ಕಾರ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನೀವಿನ್ನೂ ಕೇಳದ ಶಬ್ದಗಳು ನಮ್ಮಲ್ಲಿ ದಿನಬಳಕೆಯವು. ನಿಮ್ಮ ಎಷ್ಟೋ ಶಬ್ದಗಳ ಅರ್ಥ ಕೇಳೋಣವೆಂದರೆ ನಮ್ಮಲ್ಲಿ ಹೇಳುವವರಿಲ್ಲ. ನಿಮ್ಮ ನಡಾವಳಿ ಪುಸ್ತಕದಲ್ಲಿ ಟೆಂಡರ್ ಎಂಬ ಮಾತು ಪುಟಕ್ಕೆ ಹತ್ತು ಸಲ ಬರುತ್ತದೆ. ಅದಕ್ಕಾಗಿ ನೀವು ಕಚ್ಚಾಡಿದ್ದನ್ನು ಓದಿ, ಅದೇನೋ ತಿನ್ನುವ ವಸ್ತುವಿರಬೇಕೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಆ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ಹಿಂದಕ್ಕೆ ಪತ್ರ ಒಯ್ಯುವ ಅಂಚೆಯವನು ನಮ್ಮ ಕಾಲದಲ್ಲೂ ಹುಟ್ಟಿಲ್ಲ. ಆದರೆ ನಿಮ್ಮ ಕೈ ತಾಗಿದ ಪುಸ್ತಕ ಇದು, ಇದರಲ್ಲಿ ಬರೆದರೆ ನಿಮ್ಮ ಹತ್ತಿರ ಕೂತು ಮಾತಾಡಿದ ಹಾಗಾಗುತ್ತದೆ. ಮಾತಾಡಲು ಊರಿನಲ್ಲಿ ಬೇರೆ ಯಾರೂ ಉಳಿದಿಲ್ಲ.

ನಮ್ಮ ವರ್ಷಕ್ಕೆ ಎರಡೇ ಕಾಲ. ಎಂಟು ತಿಂಗಳು ಉರಿಗಾಲ, ನಾಲ್ಕು ತಿಂಗಳು ತಂಪುಕಾಲ. ಉರಿಗಾಲದ ಹಗಲಿನಲ್ಲಿ ಹೊರಗೆ ನಿಂತವರು ಬದುಕುವುದಿಲ್ಲ, ತಗಡಿನ ಕೆಳಗೆ ಕೂತವರೂ ಬದುಕುವುದಿಲ್ಲ. ದಪ್ಪ ಸ್ಲ್ಯಾಬ್ ಇದ್ದಲ್ಲಿ ಮಾತ್ರ ಸಂಸಾರ. ಸಿಮೆಂಟಿನ ಭಟ್ಟಿಗಳು ಮುಚ್ಚಿ ಅರ್ಧ ಶತಮಾನ ದಾಟಿತು, ಹೊಸದಾಗಿ ಯಾರೂ ಏನೂ ಕಟ್ಟುವುದಿಲ್ಲ. ನೀವು ಕಟ್ಟಿಹೋದದ್ದರಲ್ಲಿಯೇ ಎಲ್ಲರ ಬಾಳುವೆ. ಆದ್ದರಿಂದ ನಮ್ಮ ಸಂಘದ ಕೆಲಸ ಈಗ ಕಟ್ಟುವುದಲ್ಲ, ಕಲ್ಲಾರೈಕೆ. ಎಂದರೆ ಬಿರುಕಿಗೆ ಸುಣ್ಣ ತುಂಬುವುದು, ಹೊರಬಿದ್ದ ಕಬ್ಬಿಣಕ್ಕೆ ಎಣ್ಣೆ ಬಳಿಯುವುದು, ತೇಪೆಯ ಮೇಲೆ ಗೋಣಿಚೀಲ ಹೊದಿಸಿ ಹದಿನೈದು ದಿನ ನೀರು ಚಿಮುಕಿಸುವುದು. ಹತ್ತು ವರ್ಷಕ್ಕೊಮ್ಮೆ ಪ್ರತಿಯೊಂದು ಕಟ್ಟಡಕ್ಕೂ ಸಂಘದ ಕಾರ್ಯದರ್ಶಿ ತಾಳಿಕೆಪತ್ರ ಬರೆದುಕೊಡಬೇಕು. ಇನ್ನು ಹತ್ತು ವರ್ಷ ಇದು ತಾಳುತ್ತದೆ, ಇದರ ಕೆಳಗೆ ಮಲಗಬಹುದು ಎಂದು ಅದರ ಅರ್ಥ. ಅದಿಲ್ಲದ ಸೂರಿನ ಕೆಳಗೆ ಮಕ್ಕಳನ್ನು ಮಲಗಿಸುವಂತಿಲ್ಲ.

ನಿಮ್ಮ ನಡಾವಳಿಯನ್ನು ನಾನು ಬಾಯಿಪಾಠ ಬರುವಷ್ಟು ಸಲ ಓದಿದ್ದೇನೆ. ಉಸುಕು ಸಿಗದೆ ಕೆಲಸ ನಿಂತಿತೆಂದು ಜಿಲ್ಲಾಧಿಕಾರಿಗೆ ಮನವಿ, ದೊಡ್ಡ ಕೆಲಸಗಳೆಲ್ಲ ಹೊರಗಿನವರ ಪಾಲಾಗುತ್ತಿವೆಯೆಂದು ಧರಣಿ, ರಕ್ತದಾನ ಶಿಬಿರ, ನಿವೃತ್ತ ಎಂಜಿನಿಯರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ. ಮೂರು ಸಭೆಗಳಲ್ಲಿ ಬರೀ ಶಾಲಿನ ಬಣ್ಣದ ಚರ್ಚೆ. ಆದರೆ ಒಂದು ಸಭೆಯಲ್ಲಿ ನೀವು ಬಹಳ ದೊಡ್ಡ ಮನಸ್ಸು ಮಾಡಿದಿರಿ. ಸ್ಲ್ಯಾಬ್ ಹಾಕುವ ದಿನ ಕಲಸಿದ ಅದೇ ಕಾಂಕ್ರೀಟು ಮಾಲಿನಿಂದ ಅಚ್ಚಿನಲ್ಲಿ ಗೇಣಿಗೂ ಚಿಕ್ಕದಾದ ಕ್ಯೂಬು ತುಂಬಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಒತ್ತಿ ಒಡೆದು ಬಲ ನೋಡುವುದು ನಿಮ್ಮ ಪದ್ಧತಿಯಾಗಿತ್ತು. ಇನ್ನು ಮುಂದೆ ಪ್ರತಿ ಕೆಲಸದಿಂದ ಹನ್ನೆರಡು ಕ್ಯೂಬು ಹೆಚ್ಚು ತುಂಬಿ, ಹೆಸರು ತಾರೀಖು ಬರೆದು, ಸಂಘದ ನೆಲಮಾಳಿಗೆಯಲ್ಲಿಡಬೇಕು, ಮುಂದಿನವರಿಗೆ ನಮ್ಮ ಕಟ್ಟಡಗಳ ಗಟ್ಟಿತನ ತಿಳಿಯಲಿ ಎಂದು ಒಮ್ಮತದಿಂದ ಠರಾವು ಮಾಡಿದಿರಿ. ಆ ಪುಟ ಓದಿದಾಗಲೆಲ್ಲ ನನಗೆ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತಿತ್ತು. ಈ ಕ್ಯೂಬು ಒಡೆದೇ ನಾವು ತಾಳಿಕೆಪತ್ರ ಬರೆಯುತ್ತ ಬಂದೆವು.

ಹೋದ ತಿಂಗಳ ತನಕ ಮುದ್ದೇಪುರದಲ್ಲಿ ಹನ್ನೊಂದು ಮನೆಯವರಿದ್ದರು, ಎಲ್ಲ ಸೇರಿ ಮೂವತ್ತೆಂಟು ಜನ. ನೀವು ಕಟ್ಟಿದ ಸಮುದಾಯ ಭವನದಲ್ಲಿ ಅವರ ವಾಸ. ಎದುರಿಗೆ ನಿಮ್ಮ ಸಂಘದ ಕಚೇರಿಯಲ್ಲಿ ನಾನೊಬ್ಬಳೇ. ಈ ಕಚೇರಿಯನ್ನು ನೀವು ಬಲು ಗಟ್ಟಿಮುಟ್ಟಾಗಿ ಕಟ್ಟಿಕೊಂಡಿದ್ದೀರಿ, ಇಂದಿಗೂ ಒಂದು ಬಿರುಕಿಲ್ಲ. ಆದರೆ ಇರುವುದು ಎರಡೇ ಕೋಣೆ, ಹತ್ತು ಜನರಿಗೂ ಸಾಲದು. ಭವನದ ಹಿರಿಯ ದಾವಲಸಾಬ ನದಾಫ ದಿನಾ ಬೆಳಿಗ್ಗೆ ನನಗೆ ರೊಟ್ಟಿ ತಂದು ಕೊಡುತ್ತಿದ್ದ. ರೊಟ್ಟಿ ಕೊಟ್ಟು ಹೋಗುವ ಆಸಾಮಿಯಲ್ಲ, ಕೂತು ಒಂದು ತಾಸು ತಲೆ ತಿನ್ನುತ್ತಿದ್ದ. ಆಗ ಬೇಸರವಾಗುತ್ತಿತ್ತು.

ಈ ತಂಪುಕಾಲದ ಮೊದಲ ವಾರ ಭವನದ ತಾಳಿಕೆಯ ಸರದಿ ಬಂತು. ನೆಲಮಾಳಿಗೆಯಿಂದ ಅದರ ಕ್ಯೂಬೊಂದನ್ನು ತಂದು ಒತ್ತುವ ಯಂತ್ರಕ್ಕೆ ಇಟ್ಟೆ. ಅದು ಒಡೆಯಲು ಇಬ್ಬರು ಗಟ್ಟಿಗರು ಹಿಡಿಕೆ ತಿರುಗಿಸಬೇಕಾಯಿತು. ಒಡೆದ ಹೋಳಿನಲ್ಲಿ ನೀಲಿ ಕಲ್ಲಿನ ಖಡಿ, ತೊಳೆದ ಹೊಳೆಯ ಉಸುಕು, ಕಣ್ಣಿಗೆ ಹಬ್ಬ. ಅದೇ ದಿನ ಭವನದೊಳಗೆ ಸ್ಲ್ಯಾಬ್ ಹೊತ್ತು ನಿಂತ ಕಾಲಂ ಒಂದರಿಂದ ಅಂಗೈಯಷ್ಟು ಚಕ್ಕೆ ಕಳಚಿತ್ತೆಂದು ತೇಪೆ ಹಾಕಲು ಹೋದೆ. ಚಕ್ಕೆಯನ್ನು ಕೈಯಲ್ಲಿ ಹಿಡಿದರೆ ಬೆರಳಿನ ನಡುವೆ ಪುಡಿಯಾಯಿತು. ಅದರಲ್ಲಿದ್ದದ್ದು ಹಳದಿ ಮಣ್ಣು ಬೆರೆತ ಉಸುಕು. ನೀಲಿ ಖಡಿ ಹುಡುಕಿದರೂ ಇಲ್ಲ. ಕ್ಯೂಬು ಮತ್ತು ಕಾಲಂ ಒಂದೇ ಮಾಲಿನವಲ್ಲವೆಂದು ತಿಳಿಯಲು ಎಂಜಿನಿಯರು ಬೇಕಿರಲಿಲ್ಲ.

ಆಗ, ನಿಮ್ಮ ಕೆಲಸಗಳಲ್ಲಿ ಬುಟ್ಟಿ ಹೊತ್ತು ಮುಂದೆ ಇದೇ ಸಂಘದ ಕಾರ್ಯದರ್ಶಿಯಾದ ನಮ್ಮಜ್ಜಿಯ ಮಾತು ನೆನಪಾಯಿತು. ಸ್ಲ್ಯಾಬ್ ಹಾಕುವ ದಿನ ಮೇಸ್ತ್ರಿ, “ಕ್ಯೂಬಿನ ಮಾಲು ಬ್ಯಾರೆ ಕಲಸ್ರಪಾ, ಇದರಾಗ ಕೈ ಹಾಕಬ್ಯಾಡ್ರಿ” ಎಂದು ಕೂಗುತ್ತಿದ್ದನಂತೆ. ದೇವರ ಎಡೆಗೆ ಬೇರೆ ಅಡಿಗೆ ಮಾಡಿದ ಹಾಗೆ ಇದೂ ಕಸುಬಿನ ಮಡಿಯೆಂದು ಅಜ್ಜಿ ನಂಬಿದ್ದಳು. ಅಜ್ಜಿಯಿಂದ ಅವ್ವ ಕಲಿತಳು, ಅವ್ವನಿಂದ ನಾನು. ನಾನೂ ಮೂವತ್ತು ವರ್ಷ ಸುಣ್ಣದ ತೇಪೆ ಹಾಕುವಾಗೆಲ್ಲ ನಮೂನೆಯ ಕ್ಯೂಬಿಗೆ ಒಳ್ಳೆಯ ಸುಣ್ಣ ಆರಿಸಿ, ಸ್ನಾನ ಮಾಡಿ ಬಂದು, ಬೇರೆಯೇ ಕಲಸಿದ್ದೇನೆ. ಪರೀಕ್ಷೆ ಮಾಡುವವರ ಕಣ್ಣಿಗೆ ಮಣ್ಣೆರಚಲು ನೀವು ಹೂಡಿದ ಉಪಾಯವನ್ನು ನಾವು ಮೂರು ತಲೆಮಾರು ಪೂಜೆಯಂತೆ ನಡೆಸಿಕೊಂಡು ಬಂದೆವು. ನನಗೆ ಅರ್ಥವಾಗದ್ದು ಒಂದೇ. ನೆಲಮಾಳಿಗೆಯ ಆ ಹನ್ನೆರಡು ಕ್ಯೂಬುಗಳನ್ನು ಯಾವ ಅಧಿಕಾರಿಯೂ ಕೇಳಿರಲಿಲ್ಲ. ನಮಗಾಗಿ ಎಂದು ನೀವೇ ಇಟ್ಟದ್ದು. ಅವಕ್ಕೂ ಬೇರೆ ಮಾಲು ಕಲಸಿದಿರಲ್ಲ, ಕೈಗೆ ಅಷ್ಟು ರೂಢಿಯಾಗಿತ್ತೆ? ಇದನ್ನು ನೆನೆದಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ದಾವಲಸಾಬನಿಗೆ ಪುಡಿ ತೋರಿಸಿದೆ. ಆತ ಅದನ್ನು ಊದಿ ನಕ್ಕ. “ಅಕ್ಕಾರ, ಬೀಳೂದಿದ್ರ ಇಷ್ಟೊತ್ತಿಗೆ ಬೀಳ್ತಿತ್ತು. ಕ್ಯೂಬು ಗಟ್ಟಿ ಐತೆಲ್ಲ, ಒಂದು ಸಹಿ ಹಾಕ್ರಿ” ಎಂದ. ಭವನ ಬಿಟ್ಟರೆ ಗಟ್ಟಿ ಸೂರುಗಳಿರುವ ಹೊಳೆಸಾಲಿನ ವಸತಿಗೆ ಹೋಗಬೇಕು. ಒಂಬತ್ತು ದಿನದ ನಡಿಗೆ, ತಂಪುಕಾಲ ಮುಗಿಯುವುದರೊಳಗೆ ಮುಟ್ಟಬೇಕು, ಹೋದವರು ತಿರುಗಿ ಬರುವುದಿಲ್ಲ. ನನ್ನ ಮೊಣಕಾಲುಗಳು ಒಂದು ದಿನವೂ ನಡೆಯಲಾರವು. ಸಹಿ ಹಾಕಿದರೆ ಎಲ್ಲರೂ ಇರುತ್ತಾರೆ, ಹಾಕದಿದ್ದರೆ ನಾನೊಬ್ಬಳೇ ಉಳಿಯುತ್ತೇನೆ. ಎರಡು ದಿನ ಆ ಕಾಗದವನ್ನು ಮುಂದಿಟ್ಟುಕೊಂಡು ಕೂತಿದ್ದೆ. ಹಾಕಿಬಿಡಬೇಕೆಂದು ಮನಸ್ಸು ಎಷ್ಟು ಎಳೆಯಿತೆಂಬುದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಮೂರನೆಯ ದಿನ ಕಾಗದವನ್ನು ಖಾಲಿಯಾಗಿಯೇ ಹಿಂದಕ್ಕೆ ಕೊಟ್ಟೆ.

ದಾವಲಸಾಬ ಜಗಳವಾಡಲಿಲ್ಲ. ಬಾಗಿಲ ಹಲಗೆಯ ಮೇಲೆ ಕೂರಿಸಿ ನನ್ನನ್ನು ಹೊತ್ತೊಯ್ಯುತ್ತೇವೆಂದ. ನನ್ನನ್ನು ಹೊತ್ತರೆ ದಾರಿಗೆ ಹೊರುವ ನೀರು ಅಷ್ಟು ಕಡಿಮೆಯಾಗುತ್ತದೆ, ಬೇಡವೆಂದೆ. “ನೀವು ಉಪವಾಸ ಕುಂದರಬ್ಯಾಡ್ರಿ ಮತ್ತ” ಎಂದು ಎರಡು ಚೀಲ ಜೋಳದ ಹಿಟ್ಟು ಇಟ್ಟುಹೋದ. ಅವರು ಹೋಗಿ ಇಂದಿಗೆ ಹದಿನೆಂಟು ದಿನ. ರೊಟ್ಟಿಯನ್ನು ಈಗ ನಾನೇ ಬಡಿದುಕೊಳ್ಳುತ್ತೇನೆ. ತಿನ್ನುವಾಗ ಎದುರಿಗೆ ಯಾರಾದರೂ ಕೂತು ಹರಟಲಿ ಎನಿಸುತ್ತದೆ. ಇಷ್ಟೊಂದು ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ.

ನನ್ನ ಕೋರಿಕೆ ಇಷ್ಟೇ. ನಾಳೆ ನಿಮ್ಮಲ್ಲಿ ಯಾರಾದರೊಬ್ಬರು ಸ್ಲ್ಯಾಬ್ ಹಾಕುವವರಿದ್ದೀರಿ. ಮೇಲೆ ಹೋಗುತ್ತಿರುವ ಯಾವುದಾದರೂ ಒಂದು ಬುಟ್ಟಿಯನ್ನು ನಿಲ್ಲಿಸಿ, ಅದರ ಮಾಲಿನಿಂದಲೇ ಕ್ಯೂಬು ತುಂಬಿರಿ. ಅದು ಸೋತರೆ ಸೋಲಲಿ. ಸೋತದ್ದನ್ನೂ ಹೆಸರು ಬರೆದು ಇಡಿ. ಅಂಥದೊಂದು ಕ್ಯೂಬು ಸಿಕ್ಕಿದ್ದರೆ ನಮ್ಮಜ್ಜಿ ಪ್ರತಿ ಕಾಲಂಗೂ ಕಲ್ಲಿನ ಆಸರೆ ಕಟ್ಟಿಸುತ್ತಿದ್ದಳು. ಆಗ ಊರಿನಲ್ಲಿ ಕಲ್ಲು ಕಟ್ಟುವ ಗೌಂಡಿಗಳು ಮುನ್ನೂರು ಜನರಿದ್ದರು. ನನ್ನ ಕಾಲಕ್ಕೆ ಉಳಿದದ್ದು, ‘ಸಹಿ ಆಗುವುದಿಲ್ಲ’ ಎನ್ನುವ ಮಾತೊಂದೇ.

ಭವನ ಇನ್ನೂ ನಿಂತಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಅದೇ ಕಾಣುತ್ತದೆ. ಬಿದ್ದಿರಬಾರದೆ ಎಂದುಕೊಂಡು ತೆರೆಯುತ್ತೇನೆ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗುತ್ತದೆ. ಅದು ಬಿದ್ದರೆ ನಾನು ಮೂವತ್ತೆಂಟು ಜನರನ್ನು ಉಳಿಸಿದ ಹಾಗೆ. ಬೀಳದೇ ಹೋದರೆ ಅವರನ್ನು ಸುಮ್ಮನೆ ಕಳಿಸಿಬಿಟ್ಟ ಹಾಗೆ. ಯಾವುದಾದರೂ, ಹೋಗಿ ಅವರಿಗೆ ತಿಳಿಸಲು ನನ್ನಿಂದಾಗುವುದಿಲ್ಲ.

ನಿಮ್ಮ ಸಂಘದ ಕೊನೆಯ ಸದಸ್ಯೆ,
ಸಾವಂತ್ರೆವ್ವ ಬಂಡಿವಡ್ಡರ