ಬರಿಗೈಯ ಪಾಳಿ

ಹದಿಮೂರನೆಯ ತಿಂಗಳು, ತಾರೀಖು ಇಪ್ಪತ್ತೊಂಬತ್ತು, ಕ್ರಿ.ಶ. 2291
ಭೀಮಾ ತೀರದ ವೈದ್ಯಶಾಲೆ, ಹೆಣ್ಣುಮಕ್ಕಳ ವಸತಿ

ರೋಲ್ ನಂಬರ್ 47ರ ಅಕ್ಕನಿಗೆ ನೀಲಗಂಗಾ ಮಾಡುವ ನಮಸ್ಕಾರ.

ಮೊದಲಿಗೆ ತಾರೀಖಿನ ವಿಷಯಕ್ಕೆ ಕ್ಷಮೆ ಕೇಳುತ್ತೇನೆ. ನಿನ್ನ ಕ್ಯಾಲೆಂಡರಿನಲ್ಲಿ ಇಂಥ ದಿನವೇ ಇಲ್ಲ. ನಮ್ಮದು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಯಾವ ವಾರಕ್ಕೂ ಸೇರದೆ ವರ್ಷದ ಕೊನೆಗೆ ಒಂದು ದಿನ ಮಿಗುತ್ತದೆ, ಅದನ್ನು ಉಳಿಕೆದಿನ ಎನ್ನುತ್ತೇವೆ. ಅಂದು ಯಾರೂ ಕೆಲಸ ಮಾಡುವುದಿಲ್ಲ. ಮಾಡಬಾರದ್ದನ್ನು ಮಾಡಿದವರು ಮಾತ್ರ ಕೂತು ಯೋಚಿಸುತ್ತಾರೆ. ನಾನು ಅವರಲ್ಲೊಬ್ಬಳು. ನನ್ನ ಮಾತಿನ ಧಾಟಿಯೂ ನಿನಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರಹವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಹೆಸರು ನನಗೆ ಗೊತ್ತಿಲ್ಲ. ನಮ್ಮ ವಸ್ತುಸಂಗ್ರಹದಲ್ಲಿ ನಿನ್ನ ರೆಕಾರ್ಡ್ ಪುಸ್ತಕವಿದೆ, ರಟ್ಟು ಹರಿದಿದೆ, ರೋಲ್ ನಂಬರ್ ಮಾತ್ರ ಉಳಿದಿದೆ. ಮೂರನೆಯ ವರ್ಷದ ಮೊದಲ ಪುಟದ ಅಂಚಿನಲ್ಲಿ ನೀನು ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದೀಯ: 'ನಾಳೆಯಿಂದ ವಾರ್ಡು. ಒಂದು ಬೆಡ್ಡಿನ ಸುತ್ತ ಹತ್ತು ಜನ ಮುಗಿಬೀಳಬೇಕು. ಏಪ್ರನ್ ಒಗೆದಿಲ್ಲ. ಬೇಜಾರು.' ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸುತ್ತಿಬಳಸಿ ಹೇಳುವುದೇಕೆ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ವಾರ್ಡಿನ ತುಂಬ ಜನ, ಮುಟ್ಟಿದರೆ ಬೆಚ್ಚಗಿರುವ ಜನ, ಬೈಯುವ, ಕೆಮ್ಮುವ, ನಿನ್ನ ಊರು ಯಾವುದೆಂದು ಕೇಳುವ ಜನ. ಮಹಾರಾಯ್ತಿ, ನಿನಗೆ ಬೇಜಾರಂತೆ!

ನಾವು ಹೇಗಿದ್ದೇವೆಂದು ಹೇಳುತ್ತೇನೆ. ಬಿಸಿಲು ತಾಳಲಾರದೆ ನಮ್ಮ ತರಗತಿಗಳು ನೆಲದಡಿಗೆ ಇಳಿದು ನೂರು ವರ್ಷವಾಯಿತು. ಅವಕ್ಕೆ ಹಗೇವು ಎಂದೇ ಹೆಸರು, ಹಿಂದೆ ನೆಲದಲ್ಲಿ ಜೋಳ ತುಂಬಿಡುತ್ತಿದ್ದ ಗುಳಿಯ ಹೆಸರು. ಈಗ ಜೋಳದ ಬದಲು ನಮ್ಮನ್ನು ತುಂಬುತ್ತಾರೆ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಇನ್ನೂ ಇವೆ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ರೋಗ ಗುರುತಿಸುವುದು ನಾಡಿಗ ಎಂಬ ಯಂತ್ರ. ನೋವಿದೆಯೋ ಇಲ್ಲವೋ ಎಂಬುದನ್ನೂ ಅದೇ ಅಳೆದು ಹೇಳುತ್ತದೆ, ಆದ್ದರಿಂದ ರೋಗಿಯನ್ನು ಯಾರೂ ಕೇಳುವುದಿಲ್ಲ. ನಾವು ಕಲಿಯುವುದು ರಬ್ಬರಿನ ಮೈಗಳ ಮೇಲೆ, ಅದೂ ತಡೆಗವಸು ಹಾಕಿಕೊಂಡು. ಕೈ ತಪ್ಪು ಜಾಗಕ್ಕೆ ಹೊರಟರೆ, ಅಥವಾ ಒತ್ತುವುದು ಒಂದು ಕೂದಲೆಳೆ ಹೆಚ್ಚಾದರೆ, ಗವಸು ಬಿಗಿದು ನಿಲ್ಲಿಸಿಬಿಡುತ್ತದೆ. ಹೀಗಾಗಿ ನಮ್ಮ ಅರವತ್ತು ಜನರಲ್ಲಿ ಒಬ್ಬರೂ ಇದುವರೆಗೆ ಒಂದು ತಪ್ಪೂ ಮಾಡಿಲ್ಲ. ತರಗತಿಗೆ ಮೊದಲಿಗಳು ನಾನು. ತಪ್ಪೇ ಮಾಡದವರಲ್ಲಿ ಮೊದಲಿಗಳಾಗುವುದು ಹೇಗೆಂದು ನೀನು ನಗಬಹುದು. ನಾನು ಬೇಗ ಮುಗಿಸುತ್ತೇನೆ, ಅಷ್ಟೇ.

ಹಳೆಯ ಪದ್ಧತಿಯೊಂದು ಮಾತ್ರ ಉಳಿದಿದೆ, ಬರಿಗೈಯ ಪಾಳಿ. ಮೂರನೆಯ ವರ್ಷ ಶುರುವಾಗುವ ಮುನ್ನ, ಒಪ್ಪಿಕೊಂಡ ರೋಗಿಯೊಬ್ಬರು ಬಂದು ಒಬ್ಬ ವಿದ್ಯಾರ್ಥಿಯನ್ನು ಆರಿಸುತ್ತಾರೆ. ಆರಿಸಲ್ಪಟ್ಟವರು ವರ್ಷವಿಡೀ, ವಾರಕ್ಕೊಮ್ಮೆ, ಗವಸಿಲ್ಲದೆ ಅವರ ಮೈ ಮುಟ್ಟಿ ಪರೀಕ್ಷಿಸಬಹುದು. ಉಳಿದವರಿಗೆ ಜೀವಮಾನದಲ್ಲಿ ಆ ಭಾಗ್ಯವಿಲ್ಲ. ಮೊದಲ ಮುಟ್ಟುವಿಕೆಯಲ್ಲಿ ರೋಗಿಗೆ ಕೇಡಾದರೆ ಪಾಳಿ ತಪ್ಪುತ್ತದೆ, ಅದು ತರಗತಿಯ ಮೊದಲಿಗರಿಗೆ ಹೋಗುತ್ತದೆ. ಆ ಮೊದಲ ಮುಟ್ಟುವಿಕೆಯ ಹೊತ್ತಿಗೆ ಯಂತ್ರಗಳಿಗೆ ಒಳಗೆ ಪ್ರವೇಶವಿಲ್ಲ. ಸಾಕ್ಷಿಯಾಗಿ ಒಬ್ಬರು ಮಂಚದ ಬಳಿ ನಿಂತು ನಡೆದದ್ದನ್ನು ಕೈಯಲ್ಲಿ ಬರೆದು ಕೊಡಬೇಕು. ಆ ಸಾಕ್ಷಿಯೂ ಮೊದಲಿಗರೇ. ಇಂಥ ನಿಯಮ ಮಾಡಿದವರಿಗೆ ಮನುಷ್ಯರ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ಈ ವರ್ಷ ಬಂದವರು ದ್ಯಾವಪ್ಪಜ್ಜ, ದೋಣಿ ರಿಪೇರಿ ಮಾಡುತ್ತಿದ್ದವರು, ವಯಸ್ಸು ಎಂಬತ್ತೊಂದು. ನಮ್ಮ ಅರವತ್ತು ಜನರ ಕೈಗಳನ್ನೂ ಒಂದೊಂದಾಗಿ ಹಿಡಿದು ನೋಡಿದರು. ನನ್ನ ಕೈ ಹಿಡಿದಾಗ "ಎಷ್ಟ್ ಥಣ್ಣಗದಾವ ನಿನ್ನ ಕೈ" ಎಂದು ಬಿಟ್ಟುಬಿಟ್ಟರು. ಪಕ್ಕದಲ್ಲಿದ್ದದ್ದು ನನ್ನ ಕೋಣೆಯ ಗೆಳತಿ ಕಾಶಿಬಾಯಿ. ಅವಳ ಕೈ ಬೆವೆತು ನಡುಗುತ್ತಿತ್ತು. "ಈಕಿ ಇರ್ಲಿ. ಈಕಿಗರೆ ನನ್ನ ಅಂಜಿಕಿ ಐತಿ" ಎಂದರು ಅಜ್ಜ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನಗುನಗುತ್ತ ಕಾಶಿಯ ಬೆನ್ನು ತಟ್ಟಿದೆ. ಆ ನಗುವಿಗೆ ನನ್ನ ದವಡೆ ಎರಡು ದಿನ ನೋಯಿತು.

ಮೊನ್ನೆ ಮೊದಲ ಮುಟ್ಟುವಿಕೆ. ಕಾಶಿ ಅಜ್ಜನ ಬಲ ಪಕ್ಕೆಯ ಕೆಳಗೆ ಕೈಯಿಟ್ಟು ಒತ್ತಿದಳು. ಎಷ್ಟು ಒತ್ತಬೇಕು? ಅವಳಿಗೆ ಗೊತ್ತಿರಲಿಲ್ಲ, ನಮಗ್ಯಾರಿಗೂ ಗೊತ್ತಿಲ್ಲ. ಗವಸು ನಿಲ್ಲಿಸುತ್ತದೆಂದು ಕಾಯುತ್ತ ಒತ್ತುತ್ತಲೇ ಹೋದಳು. ಕೈಯಲ್ಲಿ ಗವಸೇ ಇರಲಿಲ್ಲ. ಅಜ್ಜ "ಅಯ್ಯಯ್ಯೋ ಯವ್ವಾ!" ಎಂದು ಕೂಗಿದರು. ಮನುಷ್ಯ ನೋವಿನಿಂದ ಕೂಗುವುದನ್ನು ನಾವು ಮೊದಲ ಸಲ ಕೇಳಿದ್ದು. ಗಾಜಿನ ಗೋಡೆಯಾಚೆ ನಿಂತು ನೋಡುತ್ತಿದ್ದ ತರಗತಿಯವರು ಬೆಚ್ಚಿಬಿದ್ದರು, ಕಾಶಿ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು. ಮಂಚದ ಬಳಿ ಉಳಿದವಳು ನಾನೊಬ್ಬಳೇ. ಅಜ್ಜ ನನ್ನ ತೋಳು ಹಿಡಿದು, ನನಗಷ್ಟೇ ಕೇಳುವಂತೆ ಹೇಳಿದರು: "ಆಕಿನ್ನ ಕರೀ ಯವ್ವಾ. ಅಲ್ಲೇ ಐತಿ ನನ್ನ ನೋವು. ಎರಡ ವರ್ಷದಿಂದ ಆ ಯಂತ್ರಕ್ಕ ಹೇಳಾಕತ್ತೀನಿ, ಏನೂ ಇಲ್ಲ ಅಂತೈತಿ. ಆಕಿ ಕೈಗೆ ಸಿಕ್ಕೈತಿ. ಇನ್ನೊಮ್ಮೆ ನೋಡ್ಲಿ."

ನಾನು ಬರೆದುಕೊಟ್ಟದ್ದು ಇಷ್ಟು: 'ಒತ್ತಡ ಹೆಚ್ಚಾಯಿತು. ರೋಗಿ ಕೂಗಿದರು. ಪರೀಕ್ಷಿಸುತ್ತಿದ್ದವಳು ಹೊರಗೆ ಹೋದಳು.' ಒಂದಕ್ಷರವೂ ಸುಳ್ಳಲ್ಲ. ಅಜ್ಜನ ಮಾತನ್ನು ಮಾತ್ರ ಬಿಟ್ಟೆ. ಸಂಜೆಯ ಹೊತ್ತಿಗೆ ಕಾಶಿಯ ಪಾಳಿ ರದ್ದಾಗಿ ನನ್ನ ಹೆಸರು ಹಲಗೆಗೆ ಬಂತು. ಅಕ್ಕ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನಾನು ಮೂರು ರೊಟ್ಟಿ ತಿಂದೆ, ಚೆನ್ನಾಗಿ ನಿದ್ದೆ ಬಂತು. ಕಾಶಿ ಪೆಟ್ಟಿಗೆ ಕಟ್ಟತೊಡಗಿದಳು. ಮನುಷ್ಯರಿಗೆ ನೋವು ಕೊಡುವ ಕೈ ತನಗೆ ಬೇಡ, ಊರಿಗೆ ಹೋಗಿ ದೋಣಿ ನಡೆಸುತ್ತೇನೆ ಎಂದಳು. ನಾನು ಅವಳ ಸೀರೆಗಳನ್ನು ಮಡಚಿಕೊಟ್ಟೆ.

ಇವತ್ತು ಬೆಳಿಗ್ಗೆ ಹೊಸ ವರ್ಷದ ತಯಾರಿಯೆಂದು ಅಜ್ಜನನ್ನು ನೋಡಲು ಹೋದೆ. ನನ್ನನ್ನು ಕಂಡು ಅವರು ಬೈಯಲಿಲ್ಲ. "ಆಕಿ ಬರಂಗಿಲ್ಲೇನು?" ಎಂದು ಒಂದೇ ಸಲ ಕೇಳಿ, ಅಂಗಿ ಮೇಲೆತ್ತಿ, ಕಣ್ಣು ಮುಚ್ಚಿ ಮಲಗಿದರು. ನೋವು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಹಾಗೆ ಗೊತ್ತಾದದ್ದು ಕಾಶಿಯ ಕೈಯಿಂದ, ನನ್ನದರಿಂದಲ್ಲ. ಒಂದು ಸಲವಾದರೂ ಮುಟ್ಟಿಬಿಡೋಣವೆಂದು ಕೈ ಚಾಚಿದೆ, ಮುಟ್ಟದೆ ಎದ್ದು ಬಂದೆ. ನಮ್ಮ ಮುಖ್ಯಸ್ಥರಾದ ಇನಾಮದಾರ ಸರ್ ಮನೆಗೆ ಹೋಗಿ, ಬಿಟ್ಟ ಮಾತನ್ನು ಬರೆದು ಸೇರಿಸಿದೆ. ಅವರು ಎರಡು ಸಲ ಓದಿದರು. "ಪಾಳಿ ನಿನ್ನ ಕೈ ಬಿಟ್ಟು ಹೋಗ್ತೈತಿ. ವಿಚಾರ ಮಾಡೀಯೇನವಾ?" ಎಂದರು. ಮಾಡಿದ್ದೇನೆ ಎಂದೆ. ಕಾಶಿಗೂ ಎಲ್ಲ ಹೇಳಿದೆ. "ಎರಡ ದಿನ ಯಾಕ ಸುಮ್ನಿದ್ದಿ?" ಎಂದಳು. ಹೊಟ್ಟೆಕಿಚ್ಚಿಗೆ ಎಂದೆ. ಅವಳು ಪೆಟ್ಟಿಗೆ ಬಿಚ್ಚಿದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ನಾಳೆ ಒಂಬತ್ತಕ್ಕೆ ಅವಳು ಒಳಗಿರುತ್ತಾಳೆ, ನಾನು ಗಾಜಿನಾಚೆ. ಸರಿಯಾದದ್ದು ಮಾಡಿದರೆ ಕಿಚ್ಚು ಆರುತ್ತದೆಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ, ಅದು ಈಗಲೂ ಉರಿಯುತ್ತಿದೆ. ನಿನಗೂ ನಾಳೆ ಹೊಸ ವರ್ಷವಲ್ಲವೇ? ಗುಂಪಿನ ಹಿಂದೆ ಗೋಡೆಗೊರಗಿ ನಿಲ್ಲಬೇಡ, ಮುಂದೆ ಹೋಗು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಎಲ್ಲಿ ನೋವೆಂದು ಕೇಳಿ, ಅವರು ತೋರಿಸಿದ ಕಡೆ ಕೈಯಿಡು. ನಿನಗೆ ಅವರು ಬೇಡವೆನ್ನುವುದಿಲ್ಲ, ಅಕ್ಕ.

ನೀಲಗಂಗಾ