ಬಿದ್ದ ಓಕ್ ಮರಕ್ಕೆ ಗುರುವಾರ ಗರಗಸ ಕಳಿಸಬೇಡಿ

ಅರಣ್ಯ ಇಲಾಖೆಯ ನಿರ್ದೇಶಕರೇ, ಮಾನ್ಯರೇ,

ನಮ್ಮೂರ ದರ್ಗಾದ ಓಕ್ ಮರ ಬಿರುಗಾಳಿಗೆ ಬಿತ್ತು. ಅದನ್ನು ಕೊಯ್ದು ಸಾಗಿಸಲು ಈ ಗುರುವಾರ ಗರಗಸದವರನ್ನು ಕಳಿಸುತ್ತೀರಂತೆ. ಕಳಿಸಬೇಡಿ. ಬಿದ್ದ ಆ ಮರದ ಕೊಂಬೆಗಳ ನಡುವೆ ನಾಯಿಫ್ ಎಂಬ ಯುವಕ ಅಡಗಿ ಕೂತಿದ್ದಾನೆ. ನನ್ನ ಮಗ ಬಾಸಿಲನ ತಲೆ ಒಡೆದವನು ಅವನೇ. ಮರ ಇಲ್ಲವಾದ ಗಳಿಗೆಯಲ್ಲೇ ನನ್ನ ಗಂಡ ಗಾಲಿಬ್ ಅವನನ್ನು ಕೊಲ್ಲುತ್ತಾರೆ.

ಇಷ್ಟು ಓದಿ, ಇದು ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ನೀವು ಕಾಗದ ಪಕ್ಕಕ್ಕೆ ಸರಿಸುತ್ತೀರಿ. ಅದು ಗೊತ್ತಿದ್ದೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಮರ ದೈವೇಚ್ಛೆಯಿಂದ ಬಿತ್ತು ಎಂದು ನಿಮ್ಮ ಕಚೇರಿ ಹೇಳಿಕೆ ಕೊಟ್ಟಿದೆ. ದೇವರ ಮೇಲೆ ಹೊರಿಸುವುದು ಸುಲಭ, ಅವನು ಸಮಜಾಯಿಷಿ ಕೇಳುವುದಿಲ್ಲ. ಹೋದ ಬೇಸಿಗೆಯಲ್ಲಿ ಪ್ರವಾಸಿಗರ ಕಾರು ನಿಲ್ಲಿಸಲೆಂದು ಮರದ ಪಡುವಣ ಮಗ್ಗುಲನ್ನು ಅಗೆದವರು ಯಾರು? ತೊಡೆ ದಪ್ಪದ ಬೇರುಗಳನ್ನು ಕಿತ್ತು ರಸ್ತೆಗೆ ಎಸೆದದ್ದು ಯಾವ ದೇವದೂತನ ಯಂತ್ರ? ನಮ್ಮಲ್ಲಿ ಚಳಿಗಾಲದ ಗಾಳಿ ಪಡುವಣದಿಂದಲೇ ನುಗ್ಗುತ್ತದೆ ಎಂದು ಕೂಗಿಕೊಂಡವರಿಗೆ ನಿಮ್ಮವರು ಫಲಕ ತೋರಿಸಿದರು. ಅದರಲ್ಲಿ ‘ಮರವನ್ನು ರಕ್ಷಿಸಿ’ ಎಂದು ಬರೆದಿತ್ತು.

ಆ ದಿನ ಹಸಿ ಹಿಮ ಸುರಿದು ಎಲೆಯೆಲೆಗೂ ಅಂಟಿಕೊಂಡಿತ್ತು. ಆಮೇಲೆ ಗಾಳಿ ಎದ್ದಿತು. ಮೊದಲು ನಮ್ಮ ಆಡಿನ ಕೊಟ್ಟಿಗೆಯ ತಗಡು ಹಾರಿತು, ಒಂದು ಮೇಕೆಯ ಬೆನ್ನು ಮುರಿಯಿತು. ಆಮೇಲೆ ಗಾಳಿ ಮರಕ್ಕೆ ಕೈ ಹಾಕಿತು. ಕೊಂಬೆಗಳು ಒಂದೊಂದಾಗಿ ಮೂಳೆಯಂತೆ ಲಟಲಟನೆ ಮುರಿದವು. ಕೊನೆಗೆ ಉಳಿದ ಬೇರುಗಳು ನೆಲವನ್ನೇ ಸೀಳಿಕೊಂಡು ಮೇಲೆದ್ದವು, ದರ್ಗಾದ ಗೋಡೆ ಪುಡಿಯಾಯಿತು, ನಮ್ಮ ಮನೆಯ ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಉರುಳಿದವು. ನಾನು ಎದೆ ಬಡಿದುಕೊಂಡು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ನನ್ನ ಅಪ್ಪ ಉಳುಮೆ ಮುಗಿದ ಮೇಲೆ ನೇಗಿಲನ್ನು ಆ ಮರದ ಬುಡದಲ್ಲಿ ಬಿಟ್ಟುಬರುತ್ತಿದ್ದ. ಮುಂದಿನ ಬಿತ್ತನೆಯವರೆಗೂ ಕಳ್ಳರು ಸಹ ಅದನ್ನು ಮುಟ್ಟುತ್ತಿರಲಿಲ್ಲ. ಉದುರಿದ ಕಡ್ಡಿಯನ್ನೂ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಹರಕೆಯ ಅನ್ನವನ್ನು ಅಲ್ಲೇ ಬೇಯಿಸಲು ಮಾತ್ರ ಅದರ ಸೌದೆ. ಹೊಡೆದು ಬಂದವನೇ ಆಗಲಿ, ಕೊಂದು ಬಂದವನೇ ಆಗಲಿ, ಅದರ ನೆರಳು ಹೊಕ್ಕರೆ ಹಿರಿಯರು ಬಂದು ರಾಜಿ ಮಾಡಿಸುವವರೆಗೆ ಅವನನ್ನು ಮುಟ್ಟುವಂತಿರಲಿಲ್ಲ. ಇಂಥ ಜಾಗಕ್ಕೆ ನಿಮ್ಮ ಜೀಪು ಬಂದು ಧ್ವನಿವರ್ಧಕದಲ್ಲಿ ಸಾರಿದ್ದೇನು? ‘ಬೊಡ್ಡೆ ಸರ್ಕಾರದ್ದು, ಕೊಂಬೆ ಕಡಿದವರದ್ದು!’

ಚಳಿಗಾಲ, ಸೀಮೆಎಣ್ಣೆ ತುಟ್ಟಿ. ಯಾರೂ ಮುಟ್ಟಬಾರದ್ದನ್ನು ಯಾರು ಬೇಕಾದರೂ ಮುಟ್ಟಿ ಎಂದರೆ ಇನ್ನೇನಾಗುತ್ತದೆ? ನಮ್ಮ ಕೇರಿಯವರೂ ನಾಯಿಫನ ಕೇರಿಯವರೂ ಕೊಡಲಿ ಹಿಡಿದು ಓಡಿದರು. ಒಂದೇ ಕೊಂಬೆಯ ಎರಡು ತುದಿ ಹಿಡಿದವರು ಬಾಸಿಲ್ ಮತ್ತು ನಾಯಿಫ್. ಇಬ್ಬರಿಗೂ ಅಕ್ಷರ ಕಲಿಸಿದ ಟೀಚರು ನಾನೇ. ಮೊದಲು ಬೈಗುಳ, ಆಮೇಲೆ ನೂಕಾಟ, ಆಮೇಲೆ ಕೊಡಲಿಯ ಹಿಂಬದಿ. ನನ್ನ ಮಗನ ನೆತ್ತರು ಹಿಮದ ಮೇಲೆ ಹರಿಯಿತು. ನಾಯಿಫ್ ಕೊಡಲಿ ಎಸೆದು ಮನೆಗೆ ಓಡಲಿಲ್ಲ, ಬೆಟ್ಟಕ್ಕೂ ಓಡಲಿಲ್ಲ. ಬಿದ್ದ ಮರದೊಳಕ್ಕೇ ನುಗ್ಗಿದ.

ಬಿದ್ದ ಮರಕ್ಕೂ ಆ ಕಟ್ಟಳೆ ಉಂಟೇ? ಯಾರಿಗೂ ಗೊತ್ತಿಲ್ಲ, ಹಿಂದೆ ಎಂದೂ ಬಿದ್ದಿರಲಿಲ್ಲವಲ್ಲ. ನನ್ನ ಗಂಡ ದರ್ಗಾಕ್ಕೆ ಕೈ ಮುಗಿಯುವವರಲ್ಲ. ಕೊಡಲಿ ಹಿಡಿದು ಹೋದರು. ಮರದ ಅಂಚಿನಲ್ಲಿ ನಿಂತರು. ಕತ್ತಲಾಗುವವರೆಗೂ ನಿಂತು ಮನೆಗೆ ಬಂದರು.

“ಯಾಕೆ ವಾಪಸ್ ಬಂದ್ರಿ?” ಎಂದೆ.

“ಕೊಂಬೆ ಅಡ್ಡ ಇದೆ ಕಣೇ.”

“ಕೊಡಲಿ ಕೈಯಲ್ಲೇ ಇತ್ತಲ್ಲ?”

“ಬಾಯ್ಮುಚ್ಚು. ಇಲಾಖೆಯವರು ಬಂದು ಕಡೀತಾರೆ. ಆಮೇಲೆ ಅದು ಬರೀ ಬಯಲು. ಬಯಲಲ್ಲಿ ಅವನನ್ನ ಯಾರು ಕಾಯ್ತಾರೋ ನೋಡ್ತೀನಿ.”

ಕೇಳಿದಿರಾ? ಅವರು ಕಾಯುತ್ತಿರುವುದು ನಿಮ್ಮ ಗರಗಸಕ್ಕೆ. ಪೊಲೀಸರೋ, ಹಿರಿಯರೇ ಅವನನ್ನು ಕರೆತಂದು ಒಪ್ಪಿಸಲಿ ಎಂದು ಕೆಳಗಿನ ರಸ್ತೆಯಲ್ಲಿ ಚಹಾ ಕುಡಿಯುತ್ತಿದ್ದಾರೆ.

ನಾನೇನೂ ಸಂತಳಲ್ಲ. ನಾಯಿಫ್ ಕೈಗೆ ಸಿಕ್ಕರೆ ಹಲ್ಲು ಉದುರುವಂತೆ ಬಾರಿಸುತ್ತೇನೆ. ಅವನ ತಾಯಿ ಖದ್ರಾ ರೊಟ್ಟಿಯ ಗಂಟು ಹಿಡಿದು ಮರದ ಕಡೆ ಹೋಗುತ್ತಿದ್ದಾಗ ದಾರಿಗಡ್ಡ ನಿಂತೆ. ಅವಳು ತಲೆ ಎತ್ತದೆಯೇ, ನಮ್ಮೂರ ರೂಢಿಯಂತೆ ಮಗನ ಹೆಸರು ಸೇರಿಸಿ ನನ್ನನ್ನು ಕರೆದಳು.

“ಉಮ್ಮು ಬಾಸಿಲ್, ನಿನ್ ಮಗ ಕಣ್ಣು ಬಿಟ್ನೇನವ್ವಾ?”

“ಬಿಟ್ಟಿಲ್ಲ.”

“ನನ್ನೋನೂ ತಿಂತಿಲ್ಲ ಕಣೇ. ಕೊಟ್ಟಿದ್ದು ಹಂಗೇ ವಾಪಸ್ ಬರ್ತಿದೆ.”

“ಸಾಯ್ಲಿ ಬಿಡು,” ಎಂದೆ. ಎರಡು ಹೆಜ್ಜೆ ಹೋದ ಮೇಲೆ ಬಾಯಿ ಸುಮ್ಮನಿರಲಿಲ್ಲ. “ಚಳಿ ಇದೆ, ಕಂಬಳಿ ಕೊಟ್ಟಿದ್ದೀಯಾ?”

ಬಾಸಿಲ್ ಇರ್ಬಿದ್ ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ. ಅವನು ಕಣ್ಣು ಬಿಟ್ಟಾಗ ಅಪ್ಪ ಎಲ್ಲಿ ಎಂದು ಕೇಳಿದರೆ ಜೈಲಿನಲ್ಲಿ ಎನ್ನಲೇ? ಕಣ್ಣು ಬಿಡದೇ ಹೋದರೆ ಮಗನ ಜೊತೆ ಗಂಡನನ್ನೂ ಕಳೆದುಕೊಳ್ಳಲೇ?

ಶುಕ್ರವಾರ ನಮಾಜಿನ ನಂತರ ಸುತ್ತಲ ಊರುಗಳ ಹಿರಿಯರು ನಮ್ಮ ಮನೆಗೆ ಬರುತ್ತಾರೆ. ನಾನು ಕಾಫಿ ಇಡುತ್ತೇನೆ. ಗಾಲಿಬ್ ಒಪ್ಪುವವರೆಗೆ ಯಾರೂ ಬಟ್ಟಲು ಎತ್ತುವುದಿಲ್ಲ. ಕಾಫಿ ಆರುತ್ತದೆ, ಚೆಲ್ಲಿ ಮತ್ತೆ ಕಾಸುತ್ತೇನೆ. ಈ ಮನುಷ್ಯನನ್ನು ಬಲ್ಲೆ, ಕೊನೆಗೆ ಒಪ್ಪುತ್ತಾರೆ. ಆದರೆ ಅದು ಶುಕ್ರವಾರ. ನಿಮ್ಮ ಗರಗಸ ಗುರುವಾರ.

ನನ್ನ ಬೇಡಿಕೆ ಇಷ್ಟೇ. ಆ ಕಾಫಿ ಕುಡಿದು ಮುಗಿಯುವವರೆಗೆ ಮರದ ಒಂದು ಎಲೆಯನ್ನೂ ಮುಟ್ಟಬೇಡಿ. ಆಮೇಲೆ ರಾಜಿಯೂಟದ ಅನ್ನ ಅದರ ಕೊಂಬೆಗಳ ಮೇಲೆ ಅಲ್ಲೇ ಬೇಯುತ್ತದೆ, ನೀವೂ ಬಂದು ಉಣ್ಣಿ. ಇಲ್ಲ, ಗುರುವಾರವೇ ಆಗಬೇಕು ಎನ್ನುವುದಾದರೆ, ಕೊಂಬೆ ಹೋದ ಜಾಗದಲ್ಲಿ ನನ್ನ ಗಂಡನ ಕೊಡಲಿಗೆ ಅಡ್ಡವಾಗಿ ನಾನೇ ಹೋಗಿ ನಿಲ್ಲುತ್ತೇನೆ. ನನಗೆ ಮೊಣಕಾಲು ನೋವು, ಬಹಳ ಹೊತ್ತು ನಿಲ್ಲಲಾರೆ.

ಇಂತಿ,
ನೀವು ಮನಸ್ಸು ಮಾಡಿದರೆ ಕೊಲೆಗಾರನ ಹೆಂಡತಿಯಾಗದೆ ಉಳಿಯಬಹುದಾದ
ಉಮ್ಮು ಬಾಸಿಲ್, ಬಾಸಿಲನ ತಾಯಿ